ಆಚೆದಂಡೆಯ ಮರಿಗಳು

ನಮ್ಮೂರಿನ ದೋಣಿಗೆ ಹುಟ್ಟಿಲ್ಲ, ಹಾಯಿಯೂ ಇಲ್ಲ. ಜನ ಕೂತು, ಗಂಟುಮೂಟೆಗಳನ್ನು ಭಾರ ನೋಡಿ ಇಟ್ಟಾದ ಮೇಲೆ ನಾನು ಬಗ್ಗಿ ತಳದ ಹಲಗೆಯನ್ನು ಅಂಗೈಯಿಂದ ತಟ್ಟುತ್ತೇನೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬೆನ್ನುಗಳು ಬಂದು ತಾಗುತ್ತವೆ. ಮೊದಲು ಒಂದು, ಆಮೇಲೆ ಗುಂಪು. ದೋಣಿ ಬೆರಳಗಲ ಮೇಲೆದ್ದಂತಾಗಿ ದಂಡೆ ಬಿಡುತ್ತದೆ. ಹೊಳೆ ಎಷ್ಟು ಅಗಲವೆಂದರೆ ಆಚೆದಂಡೆಯಲ್ಲಿ ನಿಂತ ಎಮ್ಮೆ ಇಲ್ಲಿಗೆ ಇರುವೆಯಷ್ಟು ಕಾಣುತ್ತದೆ. ಸೆಳೆತವೂ ಅಂಥದೇ. ಹುಟ್ಟು ಹಾಕಿ ದಾಟುತ್ತೇನೆಂದು ಹೊರಟವರು ಎಷ್ಟೋ ಊರು ಕೆಳಗೆ ಹೋಗಿ ದಂಡೆ ಮುಟ್ಟಿ, ದೋಣಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡು ಬಂದಿದ್ದಾರೆ. ಮೀಸೆಯವರು ಹೊತ್ತರೆ ಮಾತ್ರ ಇಲ್ಲಿ ದಾಟಲು ಬರುತ್ತದೆ. ದೊಡ್ಡ ಬಾಯಿ, ಉದ್ದ ಮೀಸೆ, ಹುರುಪೆಯಿಲ್ಲದ ನುಣುಪು ಮೈಯ ಆ ಮೀನನ್ನು ನಮ್ಮಲ್ಲಿ ಯಾರೂ ಮೀನು ಅನ್ನುವುದಿಲ್ಲ. ಬೇರೆ ಮೀನು ಹಿಡಿಯುತ್ತೇವೆ, ತಿನ್ನುತ್ತೇವೆ. ನಾಳೆ ನಮ್ಮನ್ನು ಹೊರಬೇಕಾದವರನ್ನು ಇವತ್ತು ಸಾರು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ದೋಣಿ ನನ್ನ ಅಪ್ಪನದಾಗಿತ್ತು. ಆಮೇಲೆ ಅಣ್ಣನದಾಯಿತು. ಅಣ್ಣ ತೀರಿಕೊಂಡ ಮೇಲೆ ನನ್ನದು ಮತ್ತು ಅವನ ಹೆಂಡತಿ, ನನ್ನ ವೈನಿಯದು. ವೈನಿಯ ಹೆಸರು ಭರಮವ್ವ. ಗಿಡ್ಡ ಹೆಂಗಸು, ಮಾತು ಕಡಿಮೆ, ಆಡಿದರೆ ಎದುರಿನವರು ಮರುಮಾತಿಗೆ ತಡವರಿಸಬೇಕು. ಅವಳಿಗೆ ಒಬ್ಬಳೇ ಮಗಳು, ಕಸ್ತೂರಿ. ಆಚೆದಂಡೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವ ಲಗಮಣ್ಣನಿಗೆ ಕೊಟ್ಟಿದ್ದೆವು. ಆ ದಂಡೆಯಲ್ಲಿ ಇದ್ದುದೇ ಕೆಲವು ಗುಡಿಸಲು. ಬೆಳೆದ ಹಣ್ಣು, ಸೌತೆ ಎಲ್ಲ ನಮ್ಮೂರ ಸಂತೆಗೇ ಬರಬೇಕು, ನಮ್ಮ ದೋಣಿಯಲ್ಲೇ ಬರಬೇಕು. ಮದುವೆಯಾದಂದಿನಿಂದ ವೈನಿ ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಘಾಟಿನ ಮೆಟ್ಟಿಲಿಗೆ ಬಂದು ಆಚೆ ನೋಡುತ್ತಿದ್ದಳು. ಕಸ್ತೂರಿಯ ಗುಡಿಸಲ ಮುಂದಿನ ಹಗ್ಗದ ಮೇಲೆ ಒಂದು ಚುಕ್ಕೆ ಬಣ್ಣ ಕಂಡರೆ ಸಾಕು, ಮಗಳು ಎದ್ದು ಸ್ನಾನ ಮಾಡಿ ಸೀರೆ ಒಣಹಾಕಿದ್ದಾಳೆ ಎಂದು ತಿಳಿದು ಒಲೆ ಹೊತ್ತಿಸಲು ಒಳಗೆ ಹೋಗುತ್ತಿದ್ದಳು.

ಮರಿಗಳ ವಿಷಯ ಹೇಳಬೇಕು. ಮಳೆಗಾಲದಲ್ಲಿ ಹೊಳೆ ನಮ್ಮ ಓಣಿಗಳವರೆಗೆ ಏರುತ್ತದೆ. ಪ್ರತಿ ಮನೆಯ ಮೆಟ್ಟಿಲ ಪಕ್ಕ ಒಂದು ಕಲ್ಲುಬಾನಿ ಇದೆ. ನೀರು ಇಳಿದಾಗ ಬಾನಿಯಲ್ಲಿ ಮೀಸೆಯವರ ಮರಿಗಳು ಉಳಿದಿರುತ್ತವೆ. ಸೂಜಿಯಷ್ಟು ಸಣ್ಣ ಮೈ, ಮೀಸೆ ಮಾತ್ರ ಆಗಲೇ ಮೂಡಿರುತ್ತದೆ. ಹಿಂಗಾರಿ ಜೋಳದ ತೆನೆ ಹಾಲುಗೂಡುವವರೆಗೆ ಅವು ನಮ್ಮಲ್ಲಿ ಇರುತ್ತವೆ. ಆಮೇಲೆ ಗಡಿಗೆಯಲ್ಲಿ ತುಂಬಿಕೊಂಡು ಹೋಗಿ ಹೊಳೆಗೆ ಬಿಡುತ್ತೇವೆ. ಅಲ್ಲಿಯವರೆಗೆ ನಮ್ಮ ಕೆಲಸ ಬೆಕ್ಕು ಕಾಯುವುದು, ನೀರು ಬದಲಿಸುವುದು, ಬಾನಿಯ ಮೇಲೆ ಯಾರೂ ಸೋಪಿನ ಕೈ ತೊಳೆಯದಂತೆ ನೋಡಿಕೊಳ್ಳುವುದು. ತಿನ್ನಲು ಏನೂ ಹಾಕುತ್ತಿರಲಿಲ್ಲ. ಸೊಳ್ಳೆಯ ಹುಳು, ಪಾಚಿ ತಿಂದು ಅವೇ ಬೆಳೆಯುತ್ತಿದ್ದವು. ಆಚೆದಂಡೆಯಲ್ಲಿ ಬಾನಿ ಇಲ್ಲ. ಅಲ್ಲಿ ಮರಳಿನ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಮರಿ ಬೆಳೆದು, ಮುಂದಿನ ಅಡ್ಡಮಳೆಗೆ ತಾವಾಗಿ ಹೊಳೆ ಸೇರುತ್ತಿದ್ದವು. ಹೀಗೆ ಎರಡೂ ದಂಡೆಯ ಮರಿಗಳು ಹೊಳೆಯ ಉದ್ದಗಲಕ್ಕೂ ಓಡಾಡಿಕೊಂಡು ದೊಡ್ಡವಾಗುತ್ತಿದ್ದವು. ಹಲಗೆ ತಟ್ಟಿದರೆ ಯಾವ ದಂಡೆಗಾದರೂ ಒಯ್ಯುತ್ತಿದ್ದವು.

ಒಂದು ವರ್ಷ ಮಳೆ ಸೊರಗಿತು. ಹೊಳೆ ಓಣಿಯ ತುದಿ ಮುಟ್ಟಿ ಹಿಂದೆ ಸರಿಯಿತು. ಬಹಳ ಮನೆಗಳ ಬಾನಿ ಖಾಲಿ ಉಳಿದವು. ಊರಿಗೆ ಹೆದರಿಕೆ ಹೊಕ್ಕಿತು. ಮೀಸೆಯವರು ನಮ್ಮನ್ನು ಬಿಟ್ಟು ಹೊರಟರು ಎಂದು ಕೆಲವರು ಅತ್ತರು. ಮರುವರ್ಷ ಮರಿಗಳು ಬಂದಾಗ ಮೊದಲು ವೈನಿ ಒಂದು ಚಿಟಿಕೆ ಶೇಂಗಾ ಹಿಂಡಿ ನೀರಿಗೆ ಹಾಕಿದಳು. ಮರಿಗಳು ಮುಗಿಬಿದ್ದು ತಿಂದವು. ಪಕ್ಕದ ಮನೆಯ ಸಕ್ರವ್ವ ಅದನ್ನು ನೋಡಿ ಹಿಂಡಿಗೆ ಬೆಲ್ಲ ಕಲಸಿದಳು. ಘಾಟಿನ ಮೇಲೆ ಹೊಲಿಗೆ ಅಂಗಡಿ ಇಟ್ಟ ಪರಸಪ್ಪ ಜೋಳದ ಹಿಟ್ಟನ್ನು ತುಪ್ಪದಲ್ಲಿ ಹುರಿದು ಉಂಡೆ ಕಟ್ಟಿದ. ಯಾರ ಬಾನಿಯ ಮರಿ ಹೆಚ್ಚು ದಪ್ಪ ಎಂಬುದು ಊರಿನ ಮಾತಾಯಿತು. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಬಾನಿಗೆ ಇಣುಕಿದರು. ಹೊಳೆಗೆ ಬಿಟ್ಟ ಮೇಲೂ ಅಕ್ಕರೆ ನಿಲ್ಲಲಿಲ್ಲ. ಉಳಿದ ರೊಟ್ಟಿ, ಮುದ್ದೆ, ಚುರುಮುರಿ ಎಲ್ಲ ಸಂಜೆ ಘಾಟಿಗೆ ಬರತೊಡಗಿತು. ಮರಿಗಳು ಅಂಗೈಯಿಂದಲೇ ತಿನ್ನಲು ಕಲಿತವು. ಅಲ್ಲಿಂದ ಮುಂದಿನ ಮಳೆಗಾಲಗಳಲ್ಲಿ ನಮ್ಮ ಬಾನಿಗಳು ಎಷ್ಟು ತುಂಬಿದವೆಂದರೆ ನೀರೇ ಕಪ್ಪಾಗಿ ಕಾಣುತ್ತಿತ್ತು. ಊರು ಎದೆ ಉಬ್ಬಿಸಿ ತಿರುಗಿತು. ಕಸ್ತೂರಿ ಒಮ್ಮೆ ಸಂತೆಗೆ ಬಂದಾಗ, ತಮ್ಮ ಕಡೆ ಗುಂಡಿಗಳಲ್ಲಿ ಒಂದು ಮರಿಯೂ ಇಲ್ಲ ಎಂದಳು. ಮರಳು ತಿಂದು ಹೊಟ್ಟೆ ತುಂಬುತ್ತದೆಯೇ, ಎಲ್ಲ ಇಲ್ಲಿಗೇ ಬಂದಿವೆ ಬಿಡು ಎಂದು ಪರಸಪ್ಪ ನಕ್ಕ. ನಾವೂ ನಕ್ಕೆವು. ವೈನಿ ನಕ್ಕಳೋ ಇಲ್ಲವೋ ನೆನಪಿಲ್ಲ.

ಹಳೆಯ ಮೀಸೆಯವರು ಮುದಿಯಾಗಿ ಒಬ್ಬೊಬ್ಬರಾಗಿ ಮಡುವಿನ ತಳಕ್ಕೆ ಸೇರಿದರು. ದೋಣಿಯ ಕೆಳಗೆ ಹೊಸಬರು ಬಂದರು. ಒಂದು ಸಂತೆಯ ದಿನ ದೋಣಿ ನಡುಹೊಳೆಯವರೆಗೆ ಚೆನ್ನಾಗಿ ಹೋಗಿ, ನಿಂತು, ಮೂತಿ ತಿರುಗಿಸಿಕೊಂಡು, ಬಂದ ಘಾಟಿಗೇ ವಾಪಸು ಬಂತು. ಬರುವಾಗ ಹೋದದ್ದಕ್ಕಿಂತ ಜೋರು. ಘಾಟಿನಲ್ಲಿ ಸಕ್ರವ್ವ ಹಿಂಡಿ ಕಲಸುತ್ತಿದ್ದಳು. ಮತ್ತೆ ಹೊರಟೆವು, ಮತ್ತೆ ಅದೇ ಆಯಿತು. ಹಲಗೆ ತಟ್ಟಿ ನನ್ನ ಅಂಗೈ ಕೆಂಪಾಯಿತು. ಅಂದಿನಿಂದ ದೋಣಿ ಒಂದು ಸಲವೂ ಆಚೆ ಮುಟ್ಟಲಿಲ್ಲ. ಜನ ಅದಕ್ಕೂ ಹೊಂದಿಕೊಂಡರು. ಹೊಸ ಮದುಮಕ್ಕಳು ಗಾಳಿ ತಿನ್ನಲು ನಡುಹೊಳೆಗೆ ಹೋಗಿ ಬರತೊಡಗಿದರು. ಮುದುಕರು ಆಚೆಯ ನೆಂಟರನ್ನು ನಡುನೀರಿನಿಂದಲೇ ಕೈಬೀಸಿ ಮಾತಾಡಿಸಿದೆವು ಎಂದು ಸಮಾಧಾನಪಟ್ಟರು. ಊರಿಗೆ ಕೊರತೆ ಅಷ್ಟಾಗಿ ತಟ್ಟಲಿಲ್ಲ. ನಮಗೆ ಬೇಕಾದ್ದೆಲ್ಲ ಈ ದಂಡೆಯಲ್ಲೇ ಇತ್ತು.

ಆಚೆಯವರಿಗೆ ಹಾಗಿರಲಿಲ್ಲ. ಸೇತುವೆ ಇರುವುದು ಬಹಳ ಮೇಲೆ. ಎರಡು ಬಸ್ಸು ಬದಲಿಸಿ, ನಡುವೆ ಒಂದೂರಲ್ಲಿ ತಂಗಿ, ಮತ್ತೆ ಕೆಳಗೆ ಇಳಿದು ಬರಬೇಕು. ಕಲ್ಲಂಗಡಿ ಹೊತ್ತು ಆ ದಾರಿ ಹಿಡಿದರೆ ಹಣ್ಣು ಒಡೆದು ನೀರಾಗುತ್ತದೆ. ಆ ವರ್ಷದ ಬೆಳೆ ಬಳ್ಳಿಯಲ್ಲೇ ಕೊಳೆಯಿತು. ಬೇಸಿಗೆಯ ಗಾಳಿಗೆ ಅದರ ಹುಳಿ ವಾಸನೆ ಈಚೆಗೂ ಬರುತ್ತಿತ್ತು. ಎರಡು ಗುಡಿಸಲಿನವರು ಛಾವಣಿ ಬಿಚ್ಚಿ ಎಲ್ಲಿಗೋ ಹೋದರು. ವೈನಿ ಬಸ್ಸು ಹಿಡಿದು ಮಗಳ ಮನೆಗೆ ಹೋಗಿ ಬಂದಳು. ಲಗಮಣ್ಣ ಒಳ್ಳೆಯವನು, ಸಿಟ್ಟು ಮಾಡಿರಲಿಲ್ಲ. ಆದರೆ ದೂರದ ಕಲ್ಲಿನ ಗಣಿಯಲ್ಲಿ ಅವನ ತಮ್ಮ ಇದ್ದಾನೆ, ಗಂಡಹೆಂಡಿರಿಬ್ಬರಿಗೂ ಕೆಲಸ ಕೊಡಿಸುತ್ತಾನೆ ಎಂದು ಹೇಳಿದ್ದ. ವೈನಿ ಬೇಡಿಕೊಂಡಾಗ ಅವನು ಹೇಳಿದ್ದನ್ನು ಅವಳು ನನ್ನ ಮುಂದೆ ಹಾಗೇ ಹೇಳಿದಳು: "ಅತ್ತಿ, ಇನ್ನ ಎರಡ ಬೆಳಿ ನೋಡ್ತೀನಿ. ಆಮ್ಯಾಲ ನನ್ನ ಹಿಡೀಬ್ಯಾಡ್ರಿ."

ಬಂದವಳು ಕೆಲವು ದಿನ ಘಾಟಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಳು. ಮರಿಗಳನ್ನು ನೋಡುತ್ತಿದ್ದಳು. ಸಂಜೆ ಹಿಂಡಿ ಬೀಳುವ ಹೊತ್ತಿಗೆ ಹೊಳೆಯ ನಡುವಿನಿಂದ ಗೀಟು ಎಳೆದಂತೆ ಅವು ಈಚೆ ಬರುವುದನ್ನು, ಹೊಟ್ಟೆ ತುಂಬಿ ಮೆಟ್ಟಿಲ ಬುಡದಲ್ಲೇ ಮಲಗುವುದನ್ನು ನೋಡಿದಳು. ಮೊದಲು ತಾನು ಹಾಕುವುದನ್ನು ನಿಲ್ಲಿಸಿದಳು. ಬೇರೆಯವರಿಗೂ ಹೇಳಿ ನೋಡಿದಳು. ನಿನ್ನ ಮಗಳ ಸಲುವಾಗಿ ನಮ್ಮ ಮರಿ ಉಪವಾಸ ಬೀಳಬೇಕೇ ಎಂದು ಸಕ್ರವ್ವ ಮುಖದ ಮೇಲೇ ಕೇಳಿದಳು. ನಾನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ವೈನಿ ಮನೆಗೆ ಬಂದು ಅಕ್ಕಿ ಆರಿಸುತ್ತ ಹೇಳಿದಳು:

"ಸಕ್ರವ್ವಂದೂ ತಪ್ಪಿಲ್ಲ, ಮರಿಗೋಳದೂ ತಪ್ಪಿಲ್ಲ, ತಿಪ್ಪಣ್ಣ. ಈಕಡೆ ಅವಕ್ಕ ಮನಿ ಐತಿ. ಆಕಡೆ ಏನೈತಿ? ಅಲ್ಲೂ ಒಂದು ಮನಿ ಆತಂದ್ರ ಅಲ್ಲಿಗೂ ಹೊಕ್ಕಾವ."

ಆ ಮಳೆಗಾಲದಲ್ಲಿ ನೀರು ಇಳಿದ ಮಾರನೆಯ ದಿನವೇ ಅವಳು ತನ್ನ ಬಾನಿಯ ಮರಿಗಳನ್ನೆಲ್ಲ ಒಂದು ಗಡಿಗೆಗೆ ತುಂಬಿದಳು. ನಾನು ತಾಮ್ರದ ಕೊಡ ತಂದುಕೊಟ್ಟಿದ್ದೆ. ತಾಮ್ರದಲ್ಲಿ ಮರಿ ಬದುಕುವುದಿಲ್ಲ ಎಂದು ಪಕ್ಕಕ್ಕಿಟ್ಟು, ಹಳೆಯ ಮಣ್ಣಿನ ಗಡಿಗೆ ಹುಡುಕಿದಳು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿದಳು. ಇಬ್ಬರೂ ಬಸ್ಸು ಹತ್ತಿದೆವು. ಗಡಿಗೆ ಅವಳ ತೊಡೆಯ ಮೇಲೆ. ರಸ್ತೆಯ ತಗ್ಗು ಬಂದಾಗಲೆಲ್ಲ ಅವಳು ಸೀಟಿನಿಂದ ಸ್ವಲ್ಪ ಎದ್ದು ಮೊಣಕಾಲಿನ ಮೇಲೆ ಭಾರ ಹಾಕಿ ಗಡಿಗೆ ಕುಲುಕದಂತೆ ಹಿಡಿಯುತ್ತಿದ್ದಳು. ಒಳಗೆ ಏನಿದೆ ಎಂದು ಕಂಡಕ್ಟರ್ ಕೇಳಿದ. ಮಗಳ ಮನೆಗೆ ಒಯ್ಯುವುದನ್ನೆಲ್ಲ ನಿನಗೆ ತೋರಿಸಬೇಕೇನಪ್ಪ ಎಂದಳು. ಅವನು ನಾಚಿ ಮುಂದೆ ಹೋದ. ಬಸ್ಸು ನಿಂತಲ್ಲಿ ನಾನು ಕಾಲುವೆಯ ನೀರು, ಬಾವಿಯ ನೀರು ತರುತ್ತಿದ್ದೆ. ಅವಳು ಮೊದಲು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದಳು. ಸವಳು ಅನಿಸಿದರೆ ಉಗುಳಿ ಬೇರೆ ತಾ ಅನ್ನುತ್ತಿದ್ದಳು. ತಂಗಿದ ಊರಲ್ಲಿ ಲೋಟದಿಂದ ನೀರು ಎತ್ತಿ ಎತ್ತಿ ಗಡಿಗೆಗೇ ಸುರಿದಳು. ಅದು ನೀರಿಗೆ ಉಸಿರು ಕೊಡುವ ರೀತಿ. ನಾನು ನಡುವೆ ಕೈ ಬದಲಿಸಿದೆ, ಅಷ್ಟೇ. ಆದರೂ ಕೆಲವು ಸತ್ತವು. ಅವನ್ನು ಎಲೆಯಲ್ಲಿ ತೆಗೆದು ದಾರಿಯ ಗಿಡದ ಬುಡಕ್ಕೆ ಹಾಕಿ, ಉಳಿದವನ್ನು ನೋಡಿ ಮತ್ತೆ ಬಟ್ಟೆ ಕಟ್ಟಿದಳು.

ಆಚೆದಂಡೆಯಲ್ಲಿ ಲಗಮಣ್ಣ, ವೈನಿ ಮೊದಲೇ ಹೇಳಿ ಕಳಿಸಿದ್ದಂತೆ, ಗುಂಡಿ ತೋಡಿ ಒಳಗೆ ಜಿಗುಟು ಮಣ್ಣು ಮೆತ್ತಿದ್ದ. ಮೇಲೆ ಒಣಗಿದ ಬಳ್ಳಿಯ ನೆರಳು ಕಟ್ಟಿದ್ದ. ಮಾವನ ಮನೆಯ ಹುಚ್ಚು ಎಂದು ಅವನ ಮುಖದಲ್ಲೇ ಬರೆದಿತ್ತು, ಆದರೂ ಕೆಲಸ ಅಚ್ಚುಕಟ್ಟಾಗಿತ್ತು. ಕಸ್ತೂರಿಗೆ ವೈನಿ ಹೇಳಿಕೊಟ್ಟಳು: ಹಾಕು, ಆದರೆ ಚಿಟಿಕೆ. ಹೊಟ್ಟೆಗಲ್ಲ, ನೆನಪಿಗೆ. ಮರಿಗಳು ಹೊಳೆ ಸೇರಿದ ಮೇಲೂ ದಿನಾ ಬೆಳಿಗ್ಗೆ ಇದೇ ಜಾಗದಲ್ಲಿ ನೀರಿಗಿಳಿದು ಕರೆ, ಅವು ಬಂದರೆ ಚಿಟಿಕೆ ಹಾಕು.

ಊರಿಗೆ ಬಂದಾಗ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ನಮ್ಮಲ್ಲಿ ಖಾಲಿ ಬಾನಿ ಎಂದರೆ ಕಸ ಗುಡಿಸದ ಅಂಗಳವಿದ್ದಂತೆ. ಸಕ್ರವ್ವ ಮಾತು ಬಿಟ್ಟಳು. ಹಿರಿಯರು ನಾಲ್ಕು ಜನ ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಊರ ಮರಿಯನ್ನು ಊರು ದಾಟಿಸುವುದು ಹಿಂದಿನಿಂದ ಇಲ್ಲದ ಪದ್ಧತಿ ಎಂದು ಗಂಭೀರವಾಗಿ ಹೇಳಿದರು. ವೈನಿ ಎಲ್ಲರಿಗೂ ಚಹಾ ಕೊಟ್ಟಳು. ಕುಡಿದು ಮುಗಿಸುವವರೆಗೆ ಬಾಗಿಲಿಗೆ ಒರಗಿ ನಿಂತಿದ್ದಳು.

"ಹೆಣ್ಣ ಕೊಟ್ಟೀವ್ರಿ ಆ ದಂಡಿಗೆ," ಎಂದಳು. "ಮರಿ ಕೊಡಾಕ ಏನಾಗೈತಿ?"

ಹಿರಿಯರು ಕಪ್ಪು ಕೆಳಗಿಟ್ಟು ಎದ್ದರು. ಒಪ್ಪಿದೆವು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಒಂದು ಸಣ್ಣ ಗಡಿಗೆ ಇತ್ತು. ತುಂಬ ದಪ್ಪ ಮರಿಗಳು. ಪರಸಪ್ಪ ಅಂಗಡಿಯಿಂದಲೇ ಕೂಗಿ, ಇವು ನನ್ನನ್ನು ತಿಂದು ಮುಗಿಸುತ್ತವೆ, ಎಲ್ಲಾದರೂ ಒಯ್ಯಿ ತಾಯಿ ಎಂದ. ಆ ಮನುಷ್ಯ ಜೀವನದಲ್ಲಿ ಒಂದು ಒಳ್ಳೆಯ ಕೆಲಸವನ್ನೂ ತಮಾಷೆಯ ಮುಸುಕು ಹಾಕದೆ ಮಾಡಿದವನಲ್ಲ. ಆಮೇಲೆ ಬೇರೆ ಮನೆಗಳಿಂದಲೂ ಬಂದವು. ಸಕ್ರವ್ವನ ಮನೆಯಿಂದ ಮಾತ್ರ ಬರಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಮಣ್ಣಿನ ಗಡಿಗೆ ಹೊತ್ತ ಗಿಡ್ಡ ಹೆಂಗಸನ್ನು ಕಂಡರೆ ಎಲ್ಲ ಬಸ್ಸುಗಳಲ್ಲೂ ಎದ್ದು ಜಾಗ ಕೊಡುತ್ತಿದ್ದರು.

ಮೊದಲ ಬೆಳೆ ಬಂತು, ಕೊಳೆಯಿತು. ಲಗಮಣ್ಣ ಮಾತಿಗೆ ತಪ್ಪದೆ ಕಾಯ್ದ. ಎರಡನೆಯ ಬೇಸಿಗೆಯ ಹೊತ್ತಿಗೆ ಆಚೆದಂಡೆಯ ನೀರು ಬೆಳಿಗ್ಗೆ ಒಂದು ಕಡೆ ಕುದಿದಂತೆ ಅಲುಗುವುದು ಘಾಟಿನಿಂದ ಕಾಣುತ್ತಿತ್ತು. ನನಗೆ ಆತುರ. ಹೋಗಿ ನೋಡೋಣ ಎಂದು ದಿನಾ ಕೇಳುತ್ತಿದ್ದೆ. ವೈನಿ ಬಿಡಲಿಲ್ಲ. ಎಳೆಯ ಬೆನ್ನಿಗೆ ಭಾರ ಹಾಕಿದರೆ ಒಂದೇ ಸಲಕ್ಕೆ ಹೆದರುತ್ತವೆ, ಮತ್ತೆ ಜನ್ಮದಲ್ಲಿ ದೋಣಿಯ ಕೆಳಗೆ ಬರುವುದಿಲ್ಲ ಎಂದಳು. ಹಣ್ಣು ಬಲಿತವು. ಇಲ್ಲಿಂದ ನೋಡಿದರೆ ಮರಳಿನ ಮೇಲೆ ಹಸಿರು ಸಾಸಿವೆ ಚೆಲ್ಲಿದಂತಿತ್ತು. ಆಮೇಲೆ ಒಂದು ಬೆಳಿಗ್ಗೆ ಹಗ್ಗದ ಮೇಲೆ ಸೀರೆ ಇರಲಿಲ್ಲ. ಗುಡಿಸಲ ಮುಂದೆ ಏನೋ ಗುಡ್ಡೆ ಹಾಕಿದ್ದರು, ಪಕ್ಕದಲ್ಲಿ ಒಂದು ಬಂಡಿ. ವೈನಿ ಹಣೆಗೆ ಕೈ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಗಂಟು ಹಿಂಡಿ ಸೊಂಟಕ್ಕೆ ಕಟ್ಟಿಕೊಂಡು ಬಂದು ದೋಣಿ ಹತ್ತಿದಳು.

ಪರಸಪ್ಪ ಹೊಲಿಗೆ ಬಿಟ್ಟು ಎದ್ದು ಬಂದ. "ನಡುಹೊಳಿತನಕ ನಾನೂ ಬರ್ತೀನಿ. ಹೆಂಗಿದ್ರೂ ಹೊಳ್ಳಿ ಬರೂದ ಐತಲ್ಲ," ಎಂದು ಮೂಲೆ ಹಿಡಿದು ಕೂತ.

ಹಲಗೆ ತಟ್ಟಿದೆ. ನಮ್ಮ ಕಡೆಯ ದಪ್ಪ ಬೆನ್ನುಗಳು ಬಂದು ತಾಗಿದವು. ದೋಣಿ ಸಲೀಸಾಗಿ ಹೋಯಿತು. ನಡುಹೊಳೆಯಲ್ಲಿ ಎಂದಿನಂತೆ ನಿಂತಿತು. ಮೂತಿ ಈಚೆ ತಿರುಗತೊಡಗಿತು. ಪರಸಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವೈನಿ ಎದ್ದು ನಿಂತು ಸೊಂಟದ ಗಂಟು ಬಿಚ್ಚಿ, ಮೈಯ ಬಲವನ್ನೆಲ್ಲ ಹಾಕಿ ಹಿಂಡಿಯನ್ನು ನಮ್ಮ ಘಾಟಿನ ದಿಕ್ಕಿಗೆ ಎಸೆದಳು. ಅದು ದೂರ ಹೋಗಿ ಬಿತ್ತು. ಕೆಳಗಿನ ಬೆನ್ನುಗಳು ಒಂದೇ ಗಳಿಗೆಯಲ್ಲಿ ದೋಣಿ ಬಿಟ್ಟವು. ಹಿಂಡಿ ಬಿದ್ದಲ್ಲಿ ನೀರು ಕಲಕಿ ಎದ್ದಿತು. ನಮ್ಮ ತಳ ಖಾಲಿಯಾಯಿತು. ನನ್ನ ಅಪ್ಪನ ಕಾಲದಿಂದ ಆ ದೋಣಿ ಹೊಳೆಯ ನಡುವೆ ಬರಿ ನೀರಿನ ಮೇಲೆ ನಿಂತದ್ದು ಇಲ್ಲ. ಕೂಡಲೇ ಸೆಳೆತ ಹಿಡಿಯಿತು. ದೋಣಿ ಅಡ್ಡಡ್ಡ ಕೆಳಗೆ ಸರಿಯತೊಡಗಿತು. ಕೆಳಗೆ ಬಂಡೆಸಾಲು ಇದೆ, ಅದರ ಸದ್ದು ಆಗಲೇ ಕೇಳುತ್ತಿತ್ತು.

ನಾನು ಬಗ್ಗಿ ಹಲಗೆ ತಟ್ಟಿದೆ. ಏನೂ ಆಗಲಿಲ್ಲ. ಮತ್ತೆ ತಟ್ಟಿದೆ. ಪರಸಪ್ಪ ಎರಡೂ ಕೈಯಿಂದ ದೋಣಿಯ ಅಂಚು ಹಿಡಿದಿದ್ದ. ವೈನಿ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ನಿನ್ನ ಕೈ ಅವಕ್ಕ ಗುರ್ತಿಲ್ಲ," ಎಂದಳು.

ಅವಳು ಮೊಣಕಾಲೂರಿ, ಸೆರಗು ಬಾಯಲ್ಲಿ ಕಚ್ಚಿಕೊಂಡು, ತೋಳು ಮುಳುಗುವಷ್ಟು ಹೊರಗೆ ಬಾಗಿದಳು. ಕೈಯನ್ನು ಬಟ್ಟಲಿನಂತೆ ಮಾಡಿ ನೀರಿನ ಮೇಲೆ ಬಡಿದಳು. ಎರಡು ಸಲ ಬೇಗ, ಸ್ವಲ್ಪ ತಡೆದು ಮತ್ತೊಂದು ಸಲ. ಕಸ್ತೂರಿ ಆಚೆದಂಡೆಯಲ್ಲಿ ಮರಿಗಳನ್ನು ಕರೆಯುವಾಗ ಹಾಗೇ ಬಡಿಯುತ್ತಿದ್ದಳು. ಗಡಿಗೆ ತಂದಾಗಲೆಲ್ಲ ನಾನೂ ಪಕ್ಕದಲ್ಲೇ ನಿಂತು ನೋಡಿದ್ದೆ, ಆದರೆ ನನಗೆ ಅದು ಹುಡುಗಿಯ ಆಟದಂತೆ ಕಂಡಿತ್ತು. ವೈನಿ ಕಲಿತುಕೊಂಡು ಬಂದಿದ್ದಳು. ಬಡಿದಳು, ಕಾಯ್ದಳು, ಬಡಿದಳು. ಬಂಡೆಸಾಲಿನ ನೊರೆ ಕಾಣತೊಡಗಿತು. ಅವಳ ಕೈಯ ತಾಳ ಮಾತ್ರ ಅವಸರ ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ತಾಳ ತಪ್ಪದ ಕೈಯನ್ನು ನಾನು ಬೇರೆ ಕಂಡಿಲ್ಲ.

ಕೆಳಗೆ ಏನೋ ತಾಗಿತು. ಸಣ್ಣ ಬೆನ್ನು. ತಾಗಿ ಹೆದರಿ ಸರಿಯಿತು. ಮತ್ತೆ ಬಂತು, ಜೊತೆಗೆ ಇನ್ನೊಂದು. ಹೊಸದಾಗಿ ನೊಗಕ್ಕೆ ಹೂಡಿದ ಹೋರಿಗಳಂತೆ ಒಂದು ಅತ್ತ, ಒಂದು ಇತ್ತ ಎಳೆದವು. ದೋಣಿ ವಾಲಾಡಿತು, ಒಂದಿಷ್ಟು ನೀರು ಒಳಗೆ ಬಂತು. ಆಮೇಲೆ ಎಲ್ಲಿಂದಲೋ ಗುಂಪು ಬಂದು ಸೇರಿತು. ತಳದ ಹಲಗೆ ಪೂರ್ತಿ ನಡುಗಿ, ನಿಧಾನವಾಗಿ ಗಟ್ಟಿಯಾಯಿತು. ಮೂತಿ ಆಚೆದಂಡೆಗೆ ತಿರುಗಿತು. ಬಂಡೆಯ ಸದ್ದು ಹಿಂದೆ ಬಿತ್ತು. ದೋಣಿ ಡೊಂಕುಡೊಂಕಾಗಿ, ಆದರೆ ಹಟಹಿಡಿದು ಹೋಗುತ್ತಿತ್ತು. ಮನೆಗೆ ಹೊರಟವರ ನಡಿಗೆ ಅದು. ವೈನಿ ಒದ್ದೆ ತೋಳನ್ನು ಸೆರಗಿನಿಂದ ಒರೆಸಿಕೊಂಡು ನನ್ನ ಎದುರಿಗೆ ಕೂತಳು. ಪರಸಪ್ಪ ದಂಡೆ ಮುಟ್ಟುವವರೆಗೆ ಒಳಗೆ ಬಂದ ನೀರನ್ನು ಬೊಗಸೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಕಸ್ತೂರಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅತ್ತಿರಬೇಕು, ಇಲ್ಲವೇ ಮುಖಕ್ಕೆ ನೀರು ಹಾರಿರಬೇಕು. ಅವಳ ಹಿಂದೆ ಲಗಮಣ್ಣ. ಬಂಡಿಯ ಮೇಲೆ ಪಾತ್ರೆ, ಹಾಸಿಗೆ, ಬೀಸುಕಲ್ಲು ಎಲ್ಲ ಏರಿತ್ತು. ಕೊನೆಯ ಗಂಟಿಗೆ ಅವನು ಹಗ್ಗ ಬಿಗಿಯುತ್ತಿದ್ದವನು ಹಾಗೇ ಹಗ್ಗ ಹಿಡಿದು ನೀರಿನ ಅಂಚಿಗೆ ಬಂದಿದ್ದ. ಕೆಳಗೆ ಮೀಸೆಗಳು ದೋಣಿಯ ಸುತ್ತ ಸುಳಿಯುತ್ತಿದ್ದವು. ಅವನು ಅವನ್ನು ನೋಡಿದ, ದೋಣಿಯನ್ನು ನೋಡಿದ, ಅತ್ತೆಯನ್ನು ನೋಡಿದ. ವೈನಿ ಮಗಳ ಭುಜ ಹಿಡಿದು ಕೆಳಗಿಳಿದಳು. ಬಂಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಮೊದಲ ದೋಣಿಗೆ ಹಣ್ಣ ಹೇರ್ರಿ," ಎಂದಳು. "ಗಂಟು ಆಮ್ಯಾಲ ಬಿಚ್ಚೀರಂತ."

ಲಗಮಣ್ಣ ಹಗ್ಗವನ್ನು ಮರಳಿನ ಮೇಲೆ ಬಿಟ್ಟು ಬಳ್ಳಿಯ ಕಡೆ ನಡೆದ.